ಸೊಲಂಜಮ್ಮನ ಊರು, ನಿಂಗಮ್ಮನ ನಾಲಿಗೆ

ಇರು ಮಗಾ, ಆ ಫೋನು ಆಮೇಲೆ ನೋಡುವೆಯಂತೆ, ಮೊದಲು ಟೀ ಕುಡಿ, ಆರಿಹೋಗುತ್ತದೆ. ಎಲ್ಲಿದ್ದೆ ನಾನು? ಹಾಂ, ನಿಂಗಮ್ಮ. ನೀನು ಅವಳನ್ನು ನೋಡಿದ್ದೀಯ. ಯುಗಾದಿಯ ದಿನ ನಮ್ಮ ಸೌತ್‌ಫೀಲ್ಡಿನ ಕ್ಲಬ್‌ಹೌಸಿನಲ್ಲಿ ಒಬ್ಬಟ್ಟು ಬೇಯಿಸುತ್ತ ನಿಂತಿದ್ದಳಲ್ಲ, ಸೀರೆಯ ಮೇಲೆ ಮಗಳ ಹಳೇ ಜಾಕೆಟ್ಟು ಹಾಕಿಕೊಂಡವಳು. ಮಾತಾಡಿಸಿದರೆ ಬರೀ ತಲೆಯಾಡಿಸುತ್ತಾಳೆ, ಗರ್ವದ ಹೆಂಗಸು ಅಂದೆಯಲ್ಲ ನೀನು? ಗರ್ವವಲ್ಲಪ್ಪ ಅದು. ಅವಳಿಗೆ ತನ್ನ ನಾಲಿಗೆಯನ್ನು ಕಂಡರೆ ಭಯ. ಅದು ಯಾಕೆ ಅಂತ ಹೇಳಬೇಕಾದರೆ ಒಂದು ಫ್ರೆಂಚ್ ಹಳ್ಳಿಯಿಂದ ಶುರು ಮಾಡಬೇಕು. ನಗಬೇಡ, ಕೇಳು.

ನಿಂಗಮ್ಮ ಕೊಳ್ಳೇಗಾಲದ ಕಡೆಯವಳು. ಹುಟ್ಟಿದ್ದೂ ಹುಳದ ಮನೆಯಲ್ಲಿ, ಹೊಕ್ಕಿದ್ದೂ ಹುಳದ ಮನೆಯನ್ನೇ. ರೇಷ್ಮೆ ಹುಳ. ನಿನಗೆ ರೇಷ್ಮೆ ಅಂದರೆ ಸೀರೆಯಂಗಡಿ. ಅವಳಿಗೆ ಅದು ಬಾಣಂತನ. ಮೊಟ್ಟೆ ಒಡೆದು ಎದ್ದ ಕೂದಲೆಳೆಯಂಥ ಮರಿಗೆ ಸೊಪ್ಪನ್ನು ನುಣ್ಣಗೆ ಹೆಚ್ಚಿ ಹಾಕಬೇಕು, ನಾಲ್ಕು ಸಲ ಅದಕ್ಕೆ ಜ್ವರ ಬರುತ್ತದೆ, ಜ್ವರವೆಂದರೆ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಸುಮ್ಮನೆ ನಿಂತುಬಿಡುತ್ತದೆ, ಆಗ ಅಲುಗಿಸಬಾರದು, ಒಗ್ಗರಣೆಯ ಘಾಟು ಸೋಕಬಾರದು, ಹೊರಗಿನವರು ಒಳಗೆ ಕಾಲಿಡಬಾರದು. ಎಲ್ಲಕ್ಕಿಂತ ಮುಖ್ಯ, ಹುಳವನ್ನು ಬಾಯಿಬಿಟ್ಟು ಹೊಗಳಬಾರದು. ಬೀದಿಯಲ್ಲಿ ಯಾರಾದರೂ "ಹುಳ ಹೆಂಗದ?" ಅಂದರೆ, ಅದು ಎಷ್ಟೇ ಚೆನ್ನಾಗಿರಲಿ, "ಏನೋ ಅದ ಕಣವ್ವ, ಸುಮಾರು" ಅನ್ನಬೇಕು. ತುಂಬ ಚೆನ್ನಾಗಿದ್ದರೆ ಇನ್ನೂ ಕೆಳಗಿನ ಮಾತು: "ಈ ಸಲ ಕೈಗೆ ಹತ್ತದೋ ಇಲ್ವೋ."

ಹೊಸ ಸೊಸೆಯಾಗಿದ್ದಾಗ ನಿಂಗಮ್ಮ ಇದನ್ನು ಒಂದೇ ಒಂದು ಸಲ ತಪ್ಪಿದಳು. ಬಳೆ ಮಾರುವವಳು ಕೇಳಿದ್ದಕ್ಕೆ ಖುಷಿಯಲ್ಲಿ "ನಮ್ಮ ಹುಳ ಬಲು ಚೆಂದಾಗವ ಕಣಕ್ಕ" ಅಂದುಬಿಟ್ಟಳು. ಆ ಬೆಳೆಗೆ ಸುಣ್ಣಕಟ್ಟು ಬಿತ್ತು. ಹುಳವೆಲ್ಲ ಸುಣ್ಣದ ಕಡ್ಡಿಯಂತೆ ಬೆಳ್ಳಗೆ ಸೆಟೆದುಕೊಂಡವು. ತಿಪ್ಪೆಗೆ ಸುರಿಯುವಾಗ ಅತ್ತೆ ಬೈಯಲಿಲ್ಲ, ಹೊಡೆಯಲಿಲ್ಲ. ಸೊಸೆಯ ಬಾಯನ್ನು ಒಂದು ಸಲ ನೋಡಿ, ತಿಂಗಳುಗಟ್ಟಲೆ ಅವಳ ಜೊತೆ ಮಾತು ಬಿಟ್ಟಳು. ನಾನು ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರಮ್ಮ, ತೇವ ಹೆಚ್ಚಾದರೆ ಆ ರೋಗ ಬರುತ್ತದೆ ಅಂತ ನನಗೂ ಗೊತ್ತು. ಆದರೆ ಎಳೇ ಬಾಯಿಗೆ ಬಿದ್ದ ಬರೆ ವಿಜ್ಞಾನಕ್ಕೆ ಮಾಯುತ್ತದೆಯೇ?

ಗಂಡ ಹೋದ ಮೇಲೆ ಮಗಳು ಲತಾಶ್ರೀ ಅವಳನ್ನು ಇಲ್ಲಿಗೆ ಕರೆಸಿಕೊಂಡಳು. ಅಳಿಯ ರವಿಶಂಕರ ಒಳ್ಳೆಯ ಹುಡುಗ, ಎರಡು ಮಾತಾಡಿದರೆ ಮೂರನೆಯದಕ್ಕೆ ಯೋಚಿಸುವವನು. ಮೊಮ್ಮಗಳು ಸಿಯಾ ಸ್ಕೂಲಿಗೆ ಹೋಗುವಂತಾದ ಮೇಲೆ ನಿಂಗಮ್ಮನಿಗೆ ಮನೆಯಲ್ಲಿ ಕೆಲಸ ಮುಗಿಯಿತು. ಆಗಲೇ ಎರಡು ಮನೆ ಆಚೆ ಒಬ್ಬಳೇ ಇದ್ದ ಫ್ರೆಂಚ್ ಮುದುಕಿಗೆ ಹಗಲು ಜೊತೆಗಿರುವವರು ಬೇಕಾಗಿತ್ತು. ಹೆಸರು ಸೊಲಾಂಜ್. ನಿಂಗಮ್ಮನ ಬಾಯಲ್ಲಿ ಮೊದಲ ದಿನವೇ ಸೊಲಂಜಮ್ಮ ಆಗಿಹೋದಳು.

ಎಂಬತ್ತಾರರ ಹೆಂಗಸು, ಕಡ್ಡಿಯಂತೆ ನೆಟ್ಟಗೆ. ಯಾವ ಕಾಲದಲ್ಲೋ ಫ್ರಾನ್ಸಿನಲ್ಲಿದ್ದ ಅಮೆರಿಕದ ಸಿಪಾಯಿಯೊಬ್ಬನನ್ನು ಮದುವೆಯಾಗಿ, ಅವನ ಹಿಂದೆ ಡೆಟ್ರಾಯ್ಟಿಗೆ ಬಂದವಳು. ಅವನು ಕಾರ್ ಫ್ಯಾಕ್ಟರಿಯಲ್ಲಿ ದುಡಿದು, ಸತ್ತು ಬಹಳ ವರ್ಷವಾಗಿತ್ತು. ಸೊಲಂಜಮ್ಮ ಮಾತ್ರ ಕೊನೆಯವರೆಗೂ ಡೆಟ್ರಾಯ್ಟ್ ಅನ್ನಲಿಲ್ಲ, "ದೆತ್ರುವಾ" ಅನ್ನುತ್ತಿದ್ದಳು. "ಈ ಊರು ಕಟ್ಟಿದವರು ನಮ್ಮವರು, ಹೆಸರು ಕೆಡಿಸಿದವರು ಇವರು" ಅಂತ ಅಂಚೆಯವನ ಹತ್ತಿರವೂ ಜಗಳ ತೆಗೆಯುತ್ತಿದ್ದಳು. ನನಗೆ ಅವಳನ್ನು ಕಂಡರೆ ಇಷ್ಟವಿತ್ತು. ನಮ್ಮ ಊರಿನ ಹೆಸರಿಗೆ ಇಂಗ್ಲಿಷರು ಮಾಡಿದ ಗತಿ ನಾವು ನೋಡಿಲ್ಲವೇ?

ನಿಂಗಮ್ಮನಿಗೆ ಬರುವುದು ಹತ್ತು ಇಂಗ್ಲಿಷ್ ಮಾತು, ಮುದುಕಿಯ ಇಂಗ್ಲಿಷು ಮೂಗಿನಿಂದ ಹೊರಡುವಂಥದ್ದು. ಮೊದಲ ವಾರ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಕೂತಿದ್ದರು. ಆಮೇಲೆ ಒಂದು ಬೆಳಿಗ್ಗೆ ಸೊಲಂಜಮ್ಮ ಅಡಿಗೆಮನೆಯ ಮೇಜನ್ನು ಖಾಲಿ ಮಾಡಿ, ಅದರ ಮೇಲೆ ತನ್ನ ಊರು ಕಟ್ಟಿದಳು. ಊರಿನ ಹೆಸರು ವೆರ್ನಸೆಲ್. ಫ್ರಾನ್ಸಿನ ದಕ್ಷಿಣದಲ್ಲಿ, ಕಲ್ಲು ಗುಡ್ಡಗಳ ನಡುವೆ. ಕೊಂಕಾಗಿ ಹಾಸಿದ ನೀಲಿ ಟವೆಲ್ಲು ಹೊಳೆ. ಬೇಸಿಗೆಯಲ್ಲಿ ಮಕ್ಕಳು ದಾಟುವಷ್ಟು ನೀರು, ಶರತ್ಕಾಲದ ಒಂದು ಮಳೆಗೆ ಆಡು ಕುರಿ ಕೊಚ್ಚಿಕೊಂಡು ಹೋಗುವಂಥ ಹೊಳೆ. ಅದರ ಮೇಲೆ ಸೌಟು ಮಗುಚಿಟ್ಟರೆ ಒಂದೇ ಕಮಾನಿನ ಸೇತುವೆ. ಉಪ್ಪಿನ ಡಬ್ಬಿ ದೇವಸ್ಥಾನ. ಮೂವತ್ತು ಸಕ್ಕರೆ ತುಂಡುಗಳು ಮನೆಗಳು, ಒಂದರ ಮೇಲೊಂದು, ಯಾಕೆಂದರೆ ಅಲ್ಲಿ ಸಮತಟ್ಟು ಜಾಗವೇ ಇಲ್ಲ. ನೆಲದ ಮಟ್ಟದಲ್ಲಿ ಆಡು, ನಡುವೆ ಮನುಷ್ಯರು, ಅಟ್ಟದ ಮೇಲೆ ಏನು ಅಂತ ಸೊಲಂಜಮ್ಮ ಬಾಯಲ್ಲಿ ಹೇಳಲಾರದೆ, ಬೆರಳು ಬಗ್ಗಿಸಿ ಮೇಜಿನ ಮೇಲೆ ಹರಿದಾಡಿಸಿದಳು.

ನಿಂಗಮ್ಮ ಆ ಬೆರಳನ್ನು ನೋಡಿದಳು. ತನ್ನ ಬೆರಳನ್ನೂ ಪಕ್ಕದಲ್ಲಿಟ್ಟು ಹಾಗೇ ಹರಿದಾಡಿಸಿ, ತಟ್ಟನೆ ನಿಲ್ಲಿಸಿ, ತುದಿಯನ್ನು ಮೇಲಕ್ಕೆತ್ತಿ ಹಿಡಿದಳು. ಅಲುಗಾಡಲಿಲ್ಲ.

"ಜ್ವರ" ಅಂದಳು.

ಸೊಲಂಜಮ್ಮನಿಗೆ ಆ ಶಬ್ದ ತಿಳಿಯಬೇಕಾಗಿರಲಿಲ್ಲ. ಆ ಎತ್ತಿದ ಬೆರಳು ಸಾಕಾಯಿತು. ಎದ್ದು ಬಂದು ನಿಂಗಮ್ಮನ ಎರಡೂ ಕೆನ್ನೆಗೆ ಮುತ್ತಿಟ್ಟಳು. ನಿಂಗಮ್ಮ ಸೆರಗಿನಲ್ಲಿ ಕೆನ್ನೆ ಒರೆಸಿಕೊಂಡು, "ಎಲ್ಲ ಬುಟ್ಟು ಈ ಚಳಿ ದೇಸ್ದಲ್ಲಿ ನಮ್ಮ ಹುಳದೋರು ಸಿಕ್ಕುದ್ರಲ್ಲವ್ವ" ಅಂತ ನನ್ನ ಹತ್ತಿರ ಬಂದು ನಕ್ಕಿದ್ದೇ ನಕ್ಕಿದ್ದು.

ಅಲ್ಲಿಂದ ದಿನಾ ಅದೇ; ಕೈಸನ್ನೆಗೆ ನಿಲುಕದ ಸಂಗತಿಯನ್ನು ನಾನು ಹೋದಾಗ ಮುದುಕಿಯಿಂದ ಕೇಳಿ ನಿಂಗಮ್ಮನಿಗೆ ಹೇಳುತ್ತಿದ್ದೆ. ಹತ್ತು ಗಂಟೆಗೆ ಮೇಜಿನ ಮೇಲೆ ವೆರ್ನಸೆಲ್ ಏಳುತ್ತಿತ್ತು, ಊಟದ ಹೊತ್ತಿಗೆ ಮಡಿಸಿಕೊಳ್ಳುತ್ತಿತ್ತು. ರಾಜ ಅವರ ಪಂಥವನ್ನು ನಿಷೇಧಿಸಿದಾಗ ಜನ ಕಾಡಿನೊಳಗೆ ಕಳ್ಳಪ್ರಾರ್ಥನೆ ಮಾಡುತ್ತಿದ್ದ ಬಂಡೆ, ಸಿಪಾಯಿಗಳು ಸುಟ್ಟ ಮೂರು ಮನೆ, ಆಮೇಲೆ ರೇಷ್ಮೆ ಬಂದು ಊರಿಗೆ ಊರೇ ಅಟ್ಟವೇರಿಸಿದ್ದು. ಸೊಲಂಜಮ್ಮನ ಮುತ್ತಜ್ಜಿಯ ಕಾಲದಲ್ಲಿ ಹುಳದ ಮೈಮೇಲೆ ಮೆಣಸಿನ ಪುಡಿ ಉದುರಿದಂಥ ಚುಕ್ಕೆ ಕಾಣಿಸಿಕೊಂಡು, ಬೆಳೆಯೆಲ್ಲ ಕೊಳೆತು, ಅರ್ಧ ಊರು ಬರಿದಾದದ್ದು. ಮೊದಲ ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲು; ಊರಲ್ಲಿ ಉಳಿದ ಗಂಡಸರಿಗಿಂತ ಕಲ್ಲಿನ ಮೇಲಿನ ಗಂಡಸರೇ ಹೆಚ್ಚು ಅನ್ನುತ್ತಿದ್ದಳು. ಅವಳು ಚಿಕ್ಕವಳಿದ್ದಾಗ ಊರಲ್ಲಿ ಉಳಿದಿದ್ದು ನಾಲ್ಕೈದು ಅಟ್ಟ. ಅವಳ ತಾಯಿ ಹುಳದ ಮೊಟ್ಟೆಯನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ, ಕಾವಿಗೆಂದು ಎದೆಯೊಳಗೆ ಇಟ್ಟುಕೊಂಡು ಓಡಾಡುತ್ತಿದ್ದಳಂತೆ. ಅದನ್ನು ತೋರಿಸಲು ಮುದುಕಿ ನಿಂಗಮ್ಮನ ಕುಪ್ಪಸದೊಳಗೇ ಕರವಸ್ತ್ರ ತುರುಕಲು ಹೋಗಿ, ಇಬ್ಬರೂ ಕುರ್ಚಿಯಿಂದ ಬೀಳುವುದೊಂದು ಬಾಕಿ. ಅಲ್ಲಿಯೂ ಹುಳವನ್ನು ಹೊಗಳುವಂತಿಲ್ಲವಂತೆ. ಯಾರಾದರೂ ಕೇಳಿದರೆ ತಾಯಿ ಮುಖ ಸಿಂಡರಿಸಿ "ಅಷ್ಟಕ್ಕಷ್ಟೇ" ಅನ್ನುತ್ತಿದ್ದಳಂತೆ. ಇದನ್ನು ಮುದುಕಿ ಅಭಿನಯಿಸಿ ತೋರಿಸಿದಾಗ ನಿಂಗಮ್ಮನಿಗೆ ಅಲ್ಲಿ ತನ್ನ ಅತ್ತೆಯ ಮುಖವೇ ಕಂಡಿತು.

ಈಗ ಕಷ್ಟಕ್ಕೆ ಬರೋಣ. ಸೊಲಂಜಮ್ಮನಿಗೆ ಒಬ್ಬನೇ ಮಗ, ಲ್ಯೂಕ್. ಇಲ್ಲೇ ಒಂದು ದೊಡ್ಡ ಕಟ್ಟಡದಲ್ಲಿ ಇನ್ಶೂರೆನ್ಸಿನ ಕೆಲಸ, ಮನೆ ಹತ್ತು ಮೈಲಿ ಆಚೆ. ಕೆಟ್ಟವನಲ್ಲ, ಭಾನುವಾರ ತಪ್ಪದೆ ಹೂವು ತರುವವನು, ತಾಯಿ ಊರಿನ ಸುದ್ದಿ ತೆಗೆದರೆ ಗಡಿಯಾರ ನೋಡುವವನು. ವೆರ್ನಸೆಲ್‌ನಲ್ಲಿ ತಾಯಿಯ ಅಣ್ಣನ ಮಗಳು ಒಡೆಟ್ ಅನ್ನುವವಳಿದ್ದಾಳೆ. ಅವಳು ಆ ಚಳಿಗಾಲದಲ್ಲಿ ಫೋನು ಮಾಡಿ, ಅತ್ತೆ, ಆಡಿನ ಕೋಣೆಯನ್ನು ನಿನಗಾಗಿ ಬಿಸಿನೀರಿನ ಸಮೇತ ರೆಡಿ ಮಾಡಿಸಿದ್ದೇನೆ, ಮೆಟ್ಟಿಲು ಹತ್ತಬೇಕಾಗಿಲ್ಲ, ಏಪ್ರಿಲ್‌ನಲ್ಲಿ ಬಂದುಬಿಡು, ಇರುವಷ್ಟು ದಿನ ಇಲ್ಲೇ ಇರು ಅಂದಳು.

ಸೊಲಂಜಮ್ಮನಿಗೆ ಬೇರೇನೂ ಬೇಕಾಗಿರಲಿಲ್ಲ. ಊರಿಗೆ ಹೋಗುವುದು, ಹೋಗಿ ಅಲ್ಲೇ ಸಾಯುವುದು. ಅದೊಂದೇ. ಆದರೆ ಅವಳ ದುಡ್ಡಿಗೂ ಆಸ್ಪತ್ರೆಯ ಕಾಗದಕ್ಕೂ ಸಹಿ ಮಗನದು. ಅವನ ತಲೆಯಲ್ಲಿ ಇನ್ನೊಂದು ದಾರಿಯಿತ್ತು, ಇಪ್ಪತ್ತು ಮೈಲಿ ದೂರದ ಒಂದು ವೃದ್ಧಾಶ್ರಮ, ನೆನಪು ತಪ್ಪಿದವರಿಗೆ ಬೀಗ ಹಾಕಿದ ಬೇರೆ ವಿಭಾಗ ಇರುವಂಥದ್ದು. ತಾಯಿ ದಿನಾ ಸಕ್ಕರೆ ತುಂಡಿನಲ್ಲಿ ಊರು ಕಟ್ಟುತ್ತಾಳೆ ಅನ್ನುವುದು ಅವನಿಗೆ ಆಟವಾಗಿ ಕಾಣಲಿಲ್ಲ, ರೋಗವಾಗಿ ಕಂಡಿತು. ಕೊನೆಗೆ ಅವನೇ ಅಂದ, "ದಿನವೆಲ್ಲ ಜೊತೆಗಿರುವವಳು ನಿಂಗಮ್ಮ. ಅವಳನ್ನು ಕೇಳುತ್ತೇನೆ. ಗಟ್ಟಿಯಾಗಿದ್ದಾಳೆ ಅಂದರೆ ಟಿಕೆಟ್ ತೆಗೆಯುತ್ತೇನೆ. ಇಲ್ಲ ಅಂದರೆ ಇಲ್ಲ."

ಒಂದು ಭಾನುವಾರ ಮಧ್ಯಾಹ್ನ ಬಂದ. ಲತಾಶ್ರೀಯನ್ನು ಭಾಷೆಗೆ ಕೂರಿಸಿಕೊಂಡ. ಸೊಲಂಜಮ್ಮ ಒಳಗೆ ತಲೆ ಬಾಚಿಕೊಳ್ಳುತ್ತಿದ್ದಳು, ಏನೋ ಹಾಡು ಗುನುಗುತ್ತ. ಆ ಬೆಳಿಗ್ಗೆ ಅವಳು ಅಂಚೆ ಡಬ್ಬಿಯವರೆಗೆ ಕೋಲಿಲ್ಲದೆ ನಡೆದು ಬಂದಿದ್ದಳು. ನಿಂಗಮ್ಮ ಮಾಡಿದ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡಿದ್ದಳು. ಇಸ್ಪೀಟಿನಲ್ಲಿ ಮೋಸ ಮಾಡಿ ಗೆದ್ದಿದ್ದಳು. ನಿಂಗಮ್ಮನ ಹೊಟ್ಟೆಯೊಳಗೆ ಹಿಗ್ಗು ಹಾಲಿನಂತೆ ಉಕ್ಕುತ್ತಿತ್ತು.

"ಲತಾ, ಅವರು ಹೇಳಿದ್ದನ್ನು ಹೇಳಿದ ಹಾಗೇ ಹೇಳಿ. ಸೇರಿಸಬೇಡಿ, ಬಿಡಬೇಡಿ" ಅಂದ ಲ್ಯೂಕ್. ಆಮೇಲೆ ನಿಂಗಮ್ಮನ ಕಡೆ ತಿರುಗಿ, ತಾಯಿ ಹೇಗಿದ್ದಾಳೆ ಅಂತ ಕೇಳಿದ.

"ಅಮ್ಮ, ಸೊಲಾಂಜ್ ಆಂಟಿ ಹೇಗಿದಾರೆ ಅಂತ ಕೇಳ್ತಿದಾರೆ. ಕರೆಕ್ಟಾಗಿ ಹೇಳು" ಅಂದಳು ಲತಾಶ್ರೀ.

ನಿಂಗಮ್ಮನಿಗೆ ಎದುರಿಗಿದ್ದ ಆ ಕೆಂಪು ಮುಖದ ಗಂಡಸು ಕಾಣಲಿಲ್ಲ. ಬೀದಿಯಲ್ಲಿ ಬುಟ್ಟಿ ಹೊತ್ತು ನಿಂತ ಬಳೆಯವಳು ಕಂಡಳು. ಒಳಗಿನ ಹಾಡು ಇವನ ಕಿವಿಗೆ ಬಿದ್ದೀತು ಅಂತಲೂ ಅಳುಕಿದಳು. ಇರುವುದರಲ್ಲೆಲ್ಲ ಕೆಳಗಿನ ಮಾತನ್ನು ಹುಡುಕಿ ತೆಗೆದಳು.

"ಏನೋ ಅವ್ರೆ ಕಣವ್ವ. ಇವತ್ತು ಇದ್ದಂಗೆ ನಾಳೆ ಇದ್ದಾರಾ? ದಿನ ತಳ್ತಾವ್ರೆ. ಕೈಗೆ ಹತ್ತಿದ್ರೆ ಹತ್ತಿದಂಗೆ."

ಲತಾಶ್ರೀ ಹೇಳಿದ ಹಾಗೇ ಹೇಳಿದಳು. ಆ ಹುಡುಗಿ ಚಿಕ್ಕಂದಿನಿಂದ ಮೈಸೂರಿನ ಹಾಸ್ಟೆಲಿನಲ್ಲಿ ಬೆಳೆದವಳು, ಹುಳದ ಮನೆಯ ಮಾತು ಅವಳಿಗೆಲ್ಲಿ? ಲ್ಯೂಕ್ ನಿಂಗಮ್ಮನ ಕೈ ಹಿಡಿದು ಥ್ಯಾಂಕ್ಸ್ ಅಂದ. ಮುದುಕಿಗೆ ದೃಷ್ಟಿ ತಾಗದಂತೆ ಕಾಪಾಡಿದೆ ಅಂತ ನಿಂಗಮ್ಮ ಉಸಿರುಬಿಟ್ಟಳು.

ಮನೆಗೆ ನಡೆದು ಬರುವಾಗ ಮಗಳು ಕಣ್ಣೊರೆಸಿಕೊಂಡು, "ಅಮ್ಮ, ಅಷ್ಟೊಂದು ಸೀರಿಯಸ್ಸಾ? ನನಗೆ ಒಂದು ಮಾತೂ ಹೇಳಲಿಲ್ಲ ನೀನು" ಅಂದಳು.

"ಯಾರು?"

"ಸೊಲಾಂಜ್ ಆಂಟಿ."

"ಅಯ್ಯೋ, ಅವ್ರಿಗೇನಾಗದೆ? ಗುಂಡುಕಲ್ಲಂಗವ್ರೆ!"

ಲತಾಶ್ರೀ ಹಿಮದ ನಡುವೆ ನಿಂತುಬಿಟ್ಟಳು. "ಮತ್ತೆ ಯಾಕಮ್ಮ ಹಾಗಂದೆ? ನೀನೇನು ಹೇಳಿದೆ ಅಂತ ಗೊತ್ತಾ? ಸಾಯೋಕೆ ಬಿದ್ದಿದಾರೆ ಅಂತ ಹೇಳಿದೆ. ನಾನೂ ಅದನ್ನೇ ಟ್ರಾನ್ಸ್‌ಲೇಟ್ ಮಾಡಿದೆ."

"ಚೆನ್ನಾಗವ್ರೆ ಅಂತ ಬಾಯಿಬಿಟ್ಟು ಹೇಳದುಂಟಾ, ಮಗ?" ಅಂದಳಂತೆ ನಿಂಗಮ್ಮ. ಅಂದ ಮೇಲೆ ಅವಳಿಗೆ ಅರ್ಥವಾಯಿತು.

ಮಾರನೆಯ ಬೆಳಿಗ್ಗೆ ಬೇಗ ಓಡಿದಳು. ಲ್ಯೂಕ್ ಆಗಲೇ ಬಂದಿದ್ದ. ಅಡಿಗೆಮನೆಯಲ್ಲಿ ನಿಂತರೆ ಎಲ್ಲ ಕೇಳಿಸುತ್ತಿತ್ತು; ಅವಳಿಗೆ ತಿಳಿದದ್ದು ತನ್ನ ಹೆಸರು ಮತ್ತು "ನಾಟ್ ಗುಡ್" ಅಷ್ಟೇ, ಪೂರ್ತಿ ಮಾತನ್ನು ಲ್ಯೂಕ್ ಆಮೇಲೆ ಲತಾಶ್ರೀಗೆ ಹೇಳಿದ. ಮಗ ಮೆಲ್ಲಗೆ, "ಅಮ್ಮ, ನಾನೊಬ್ಬನೇ ಹೇಳುತ್ತಿಲ್ಲ. ನಿಂಗಮ್ಮ ಕೂಡ ನೀನು ಚೆನ್ನಾಗಿಲ್ಲ ಅಂದಳು" ಅಂದ. ಮುದುಕಿ ಮೇಜು ಗುದ್ದಿದಳು.

"ನಾನು ಚೆನ್ನಾಗಿರೋದಕ್ಕೇ ಅವಳು ಹಾಗೆ ಹೇಳಿದ್ದು, ಪೆದ್ದು! ಚೆನ್ನಾಗಿರೋದನ್ನ ಯಾರಾದರೂ ಚೆನ್ನಾಗಿದೆ ಅಂತಾರಾ? ಹುಳ ಚೆನ್ನಾಗಿದೆ ಅಂತ ನಿನ್ನ ಅಜ್ಜಿ ಯಾವತ್ತಾದರೂ ಅಂದಳಾ?"

ಇಡೀ ಮಿಶಿಗನ್ನಿನಲ್ಲಿ ನಿಂಗಮ್ಮನ ಮಾತು ಅರ್ಥವಾದದ್ದು ಅವಳೊಬ್ಬಳಿಗೇ. ಆದರೆ ಮಗನ ಕಿವಿಗೆ ಅದು ಹೇಗೆ ಬಿದ್ದಿರಬೇಕು ನೋಡು. ಎಂಬತ್ತಾರು ವರ್ಷದ ತಾಯಿ, ಆರೋಗ್ಯದ ವಿಷಯ ಕೇಳಿದರೆ ಹುಳ ಅನ್ನುತ್ತಾಳೆ, ಸತ್ತ ಅಜ್ಜಿ ಅನ್ನುತ್ತಾಳೆ. ಇವನ ಮನಸ್ಸಿನಲ್ಲಿ ಇದ್ದ ಅರೆಬರೆ ಅನುಮಾನವೂ ಹೋಯಿತು. ತಾಯಿಯ ತಲೆ ನೇವರಿಸಿದ, "ಆಯಿತಮ್ಮ, ಆಯಿತು" ಅಂದ. ಹುಚ್ಚರನ್ನು ಸಮಾಧಾನ ಮಾಡುವ ಆ ದನಿ ಇದೆಯಲ್ಲ, ಅದಕ್ಕಿಂತ ಬೈಗುಳ ವಾಸಿ.

ನಿಂಗಮ್ಮ ಅಡಿಗೆಮನೆಯಿಂದ ಹೊರಗೆ ಬಂದಳು. ನಲವತ್ತು ವರ್ಷ ಕಟ್ಟಿಟ್ಟಿದ್ದ ಬಾಯನ್ನು ಬಿಚ್ಚಿದಳು. "ನೋ ನೋ. ಗುಡ್. ಅಮ್ಮ ಗುಡ್. ವೆರಿ ಗುಡ್. ವಾಕಿಂಗ್ ಗುಡ್, ಈಟಿಂಗ್ ಗುಡ್." ಸಾಲದು ಅಂತ ಕನ್ನಡದಲ್ಲೂ ಹೇಳಿದಳು: "ಚೆಂದಾಗವ್ರೆ ಕಣಪ್ಪ, ಬಲು ಚೆಂದಾಗವ್ರೆ." ಸಂಜೆ ಲತಾಶ್ರೀಯನ್ನು ಕರೆದುಕೊಂಡು ಹೋಗಿ ಮತ್ತೆ ಹೇಳಿಸಿದಳು. ಲ್ಯೂಕ್ ಬಾಗಿಲಲ್ಲೇ ನಿಂತು, "ನೀವು ಅವಳನ್ನು ಎಷ್ಟು ಪ್ರೀತಿಸುತ್ತೀರಿ ಅಂತ ನನಗೆ ಗೊತ್ತು. ಆದರೆ ನಿಮ್ಮ ಮೊದಲ ಮಾತು ಮನಸ್ಸಿನಿಂದ ಬಂದದ್ದು" ಅಂದ. ಒಳ್ಳೆಯವರ ಹತ್ತಿರ ವಾದ ಮಾಡುವುದು ಕಷ್ಟ ಮಗಾ. ಕೆಟ್ಟವನಾಗಿದ್ದರೆ ಕೂಗಾಡಿ ಗೆಲ್ಲಬಹುದಿತ್ತು.

ಹದಿನೈದು ದಿನದಲ್ಲಿ ಸೊಲಂಜಮ್ಮನನ್ನು ಸಾಗಿಸಿದರು. ನಿಂಗಮ್ಮನಿಗೆ ಕಾರು ಬಾರದು, ಬಸ್ಸು ಆ ಕಡೆ ಹೋಗದು. ಲತಾಶ್ರೀ ರಜ ಹಾಕಿ ಎರಡು ಸಲ ಕರೆದುಕೊಂಡು ಹೋದಳು. ಮೊದಲ ಸಲ ಹೋದಾಗ ಮುದುಕಿ ಊಟದ ತಟ್ಟೆಯ ಮೇಲೆ ಹೊಳೆ ಹಾಸಿ, ಸೇತುವೆ ಇಟ್ಟು, ಮನೆಗಳಿಗೆ ಬಿಸ್ಕತ್ತು ಮುರಿಯುತ್ತಿದ್ದಳು. ನೋಡಿಕೊಳ್ಳುವ ಹುಡುಗಿ ನಗುನಗುತ್ತ ಬಂದು, "ಆಲ್ ಡನ್, ಸ್ವೀಟೀ?" ಅಂತ ವೆರ್ನಸೆಲ್ಲನ್ನು ಹಾಗೇ ಎತ್ತಿಕೊಂಡು ಹೋಗಿ ಕಸದ ಡಬ್ಬಿಗೆ ಬಗ್ಗಿಸಿದಳು. ಸೊಲಂಜಮ್ಮ ತಡೆಯಲಿಲ್ಲ. ನಿಂಗಮ್ಮನ ಕೈಯನ್ನು ತನ್ನ ಎರಡೂ ಕೈಯಲ್ಲಿ ಇಟ್ಟುಕೊಂಡು ಕಿಟಕಿಯ ಕಡೆ ನೋಡಿದಳು. ಒಂದೇ ಒಂದು ಬೈಗುಳ ಬೈಯಲಿಲ್ಲ. ಬೈದಿದ್ದರೆ ನಿಂಗಮ್ಮ ಇವತ್ತು ಸ್ವಲ್ಪ ಹಗುರವಾಗಿರುತ್ತಿದ್ದಳೋ ಏನೋ. ಎರಡನೆಯ ಸಲ ಹೋದಾಗ ಅವಳಿಗೆ ನಿದ್ದೆಯ ಮಾತ್ರೆ ಕೊಟ್ಟಿದ್ದರು.

ಮಾರ್ಚಿನಲ್ಲಿ ಬಚ್ಚಲಲ್ಲಿ ಬಿದ್ದಳು. ಸೊಂಟದ ಮೂಳೆ. ಆಮೇಲೆ ಎದೆಗೆ ಕಫ. ಏಪ್ರಿಲ್ ಮುಟ್ಟಲಿಲ್ಲ. ನಿಂಗಮ್ಮನಿಗೆ ಗೊತ್ತಾದದ್ದು ಮಣ್ಣಾದ ಮೇಲೆ. ಲ್ಯೂಕ್ ಲತಾಶ್ರೀಗೆ ಮೆಸೇಜು ಕಳಿಸಿದ್ದ, ಮನೆಯವರಷ್ಟೇ ಇದ್ದೆವು ಅಂತ. ಮನೆಯವರು! ಬೆಳಗಿನಿಂದ ಸಂಜೆಯವರೆಗೆ ಆ ಮೇಜಿನ ಮುಂದೆ ಕೂತವಳು ಯಾರಂತೆ?

ಬೇಸಿಗೆಯಲ್ಲಿ ಲ್ಯೂಕ್ ರಜಕ್ಕೆಂದು ಹೆಂಡತಿಯ ಜೊತೆ ವೆರ್ನಸೆಲ್‌ಗೆ ಹೋಗಿ ಬಂದ. ಒಡೆಟ್ ಸೊಲಂಜಮ್ಮನಿಗಾಗಿ ಮಾಡಿಸಿದ್ದ ಕೋಣೆಯಲ್ಲೇ ಇಳಿದಿದ್ದನಂತೆ. "ಎಂಥ ಚಂದದ ಊರು, ನಾನು ಇಷ್ಟು ವರ್ಷ ಹೋಗದೆ ತಪ್ಪು ಮಾಡಿದೆ" ಅಂತ ಲತಾಶ್ರೀಗೆ ಫೋಟೋ ಕಳಿಸಿದ. ಮಗಳು ಫೋನು ಹಿಡಿದುಕೊಂಡು ಬಂದರೆ ನಿಂಗಮ್ಮ ನೋಡಲೊಲ್ಲೆ ಅಂದಳು. ಎದ್ದು ಹೋಗಿ ಬಟ್ಟೆ ಮಡಿಸತೊಡಗಿದಳು.

ನನ್ನ ಹತ್ತಿರ ಮಾತ್ರ ಒಂದು ದಿನ ಬಾಯಿಬಿಟ್ಟಳು. "ನಾನು ಮೊದ್ಲು ಹೇಳ್ದಲೆ ಕೆಡಿಸ್ದೆ, ಆಮೇಲೆ ಹೇಳಿ ಕೊಂದೆ ಕಣಮ್ಮೋರೆ. ಚೆಂದಾಗವ್ರೆ ಅಂತ ಅಷ್ಟು ಸಲ ಅಂದ್ನಲ್ಲ, ಅದ್ಕೇ ಬಿದ್ರು."

"ಬಿಡೇ ನಿಂಗಿ, ದೃಷ್ಟಿಗಿಷ್ಟಿ ಎಲ್ಲ ಸುಳ್ಳು. ವಯಸ್ಸಾದ ಮೂಳೆ, ಒದ್ದೆ ನೆಲ, ಅಷ್ಟೇ" ಅಂದೆ ನಾನು.

"ದೃಷ್ಟಿ ಸುಳ್ಳು ಅನ್ನೋದಾದ್ರೆ, ಮೊದ್ಲು ನಾನು ಬಾಯಿ ಮುಚ್ಕಂಡಿದ್ದು ಯಾತಕ್ಕಮ್ಮೋರೆ?"

ದೃಷ್ಟಿ ನಿಜ ಅಂದರೂ ಅವಳದೇ ತಪ್ಪು, ಸುಳ್ಳು ಅಂದರೂ ಅವಳದೇ ತಪ್ಪು. ಆವತ್ತಿನಿಂದ ನಾನೂ ಸುಮ್ಮನಾದೆ, ಅವಳೂ ಸುಮ್ಮನಾದಳು. ಯಾರಾದರೂ "ಹೇಗಿದೀರ ಆಂಟಿ" ಅಂದರೆ ತಲೆಯಾಡಿಸುತ್ತಾಳೆ. ಅದು ಹೌದೋ ಅಲ್ಲವೋ ಯಾರಿಗೂ ಗೊತ್ತಾಗದು.

ಹೋಗಲಿ. ನಿನ್ನಿಂದ ನನಗೊಂದು ಕೆಲಸವಾಗಬೇಕು. ಮಣ್ಣು ಮಾಡಿದ ಜಾಗ ಯಾವುದು ಅಂತ ನಿಂಗಮ್ಮನಿಗೆ ಇನ್ನೂ ಗೊತ್ತಿಲ್ಲ. ಆ ಲ್ಯೂಕನನ್ನು ಕೇಳಲು ಅವಳಿಗೆ ಮುಖವಿಲ್ಲ, ಲತಾಶ್ರೀಯೂ ಕೇಳಲೊಲ್ಲಳು. ಸೊಲಂಜಮ್ಮನನ್ನು ಅವಳ ಗಂಡನ ಪಕ್ಕದಲ್ಲೇ ಹೂತಿರಬೇಕು. ಅದು ಹತ್ತೊಂಬತ್ತನೇ ಎಕ್ಸಿಟ್ಟಿನ ಪಕ್ಕದ ದೊಡ್ಡ ಸ್ಮಶಾನ ಅಂತ ಅವಳೇ ಒಂದು ಸಲ ಅಂದಿದ್ದಳು, ನೀನು ಆಫೀಸಿಗೆ ಹೋಗುವ ದಾರಿಯಲ್ಲೇ ಇದೆ. ಶನಿವಾರ ಹೋಗು, ಭಾನುವಾರ ಸ್ಮಶಾನದ ಆಫೀಸು ಮುಚ್ಚಿರುತ್ತದೆ. ಹೆಸರು ಹೇಳಿ ಕೇಳು, ಸೊಲಾಂಜ್ ಅಂತಲೇ ಹೇಳು, ಸೊಲಂಜಮ್ಮ ಅಂದರೆ ಅವರಿಗೆ ಸಿಗುವುದಿಲ್ಲ. ಯಾವ ಸಾಲು, ಯಾವ ಮರದ ಹತ್ತಿರ, ಕಾರು ಎಲ್ಲಿಯವರೆಗೆ ಹೋಗುತ್ತದೆ, ಎಲ್ಲ ಸರಿಯಾಗಿ ನೋಡಿಕೊಂಡು ಬಾ, ಒಂದು ದಿನ ನಿಂಗಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕಲ್ಲ. ಅವಳಿಗೆ ಮೊದಲೇ ಹೇಳಬೇಡ, ನೇರವಾಗಿ ನನ್ನ ಹತ್ತಿರ ಬಂದು ಹೇಳು.